ಪ್ಲೂಮ್‌ಗೂ ಅಂಚಿಲ್ಲ, ಊರಿಗೂ ಅಂಚಿಲ್ಲ

ಪ್ರಶ್ನೆ: ಎಂಟೆಕ್‌ನಲ್ಲಿ ಎರಡು ವರ್ಷ ರಾಕೆಟ್ ಎಕ್ಸಾಸ್ಟ್ ಪ್ಲೂಮ್, ಅಂದ್ರೆ ಇಂಜಿನ್ನಿಂದ ಹೊರಬರೋ ಬಿಸಿ ಗ್ಯಾಸಿನ ಬಾಲ, ಅದರ ಮಾಡೆಲಿಂಗ್ ಮಾಡಿದೀನಿ. ಈಗ ಸಿಕ್ಕಿರೋ ಕೆಲಸ ಸ್ಯಾಟಲೈಟ್ ಚಿತ್ರಗಳಿಂದ ನಗರಗಳು ಎಷ್ಟು ಬೆಳೆದಿವೆ ಅಂತ ಅಳೆಯೋದು. ಕಲ್ತಿದ್ದೆಲ್ಲ ನೀರಲ್ಲಿ ಹೋಮ ಆಯ್ತಾ? ಇನ್ನೊಂದು, ಒಂದೇ ನಗರಕ್ಕೆ ಒಂದೇ ವರ್ಷಕ್ಕೆ ಮೂರು ಕಡೆ ಮೂರು ವಿಸ್ತೀರ್ಣ ಸಿಗ್ತಿದೆ, ಯಾವುದನ್ನ ನಂಬಬೇಕು?

ಉತ್ತರ: ನಿಮ್ಮ ಎರಡನೇ ಪ್ರಶ್ನೆ ಇದೆಯಲ್ಲ, ಅದರ ಹೊಟ್ಟೆಯೊಳಗೇ ಮೊದಲನೇದಕ್ಕೆ ಉತ್ತರ ಇದೆ. ಮೂರು ಕಡೆ ಮೂರು ನಂಬರ್ ಯಾಕಂದ್ರೆ ಮೂವರೂ ಊರಿನ ಅಂಚನ್ನ ಬೇರೆ ಬೇರೆ ಜಾಗದಲ್ಲಿ ಕತ್ತರಿಸಿದಾರೆ, ಎಲ್ಲಿ ಕತ್ತರಿಸಿದ್ವಿ ಅನ್ನೋದನ್ನ ಮಾತ್ರ ಯಾವುದೋ ಮೂಲೇಲಿ ಸಣ್ಣಕ್ಷರದಲ್ಲಿ ಬರೆದಿದಾರೆ. ಈಗ ನಿಮ್ಮ ಹಳೇ ಕೆಲಸ ನೆನಪು ಮಾಡ್ಕೊಳ್ಳಿ. ಯಾರಾದ್ರೂ ಬಂದು "ಈ ಪ್ಲೂಮ್ ಎಷ್ಟು ಉದ್ದ ಇದೆ ಸ್ವಾಮಿ" ಅಂತ ಕೇಳಿದ್ರೆ ನೀವು ಏನು ಹೇಳ್ತಿದ್ರಿ? ಯಾವ ಲೆಕ್ಕದಲ್ಲಿ ಉದ್ದ ಅಂತ ತಿರುಗಿ ಕೇಳ್ತಿದ್ರಿ ತಾನೆ? ಗ್ಯಾಸಿನ ವೇಗ ಶಬ್ದದ ವೇಗಕ್ಕೆ, ಅಂದ್ರೆ ಮ್ಯಾಕ್ ನಂಬರ್ 1ಕ್ಕೆ, ಇಳಿಯೋ ತನಕ ಒಂದು ಉದ್ದ, ಟೆಂಪರೇಚರ್ ಸುತ್ತಲ ಗಾಳಿಗಿಂತ 50 ಕೆಲ್ವಿನ್ ಮಾತ್ರ ಜಾಸ್ತಿ ಉಳಿಯೋ ತನಕ ಇನ್ನೊಂದು, ಕಾರ್ಬನ್ ಡೈಆಕ್ಸೈಡ್ ಪಾಲು 1 ಪರ್ಸೆಂಟ್‌ಗೆ ಇಳಿಯೋ ತನಕ ಮತ್ತೊಂದು. ಆ ತಿರುಗಿ ಕೇಳೋ ಚಾಳಿ ಒಂದು ಉಳಿಸ್ಕೊಂಡ್ರೆ ಸಾಕು, ಮಿಕ್ಕಿದ್ದನ್ನ ಆರು ತಿಂಗಳಲ್ಲಿ ಕಲೀಬಹುದು. ನಾನೂ ಇದೇ ದಾರೀಲಿ ಬಂದೋನು, ಮೊದಲು ಪ್ಲೂಮ್, ಆಮೇಲೆ ಚಿತ್ರ, ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಪ್ಲೂಮ್ ಗೊತ್ತಿಲ್ಲದೆ ಇದನ್ನ ಓದ್ತಿರೋರಿಗೆ ಎರಡು ಮಾತು. ನಾಝಲ್ ಅಂದ್ರೆ ಗ್ಯಾಸು ಹೊರಬರೋ ಗಂಟೆಯಾಕಾರದ ಕೊಳವೆ, ಅದರ ಬಾಯಲ್ಲಿ ಗ್ಯಾಸಿನ ಒತ್ತಡ ಹೊರಗಿನ ಗಾಳಿಗಿಂತ ಕಮ್ಮಿ ಇದ್ರೆ ಗಾಳಿ ಅದನ್ನ ಹಿಸುಕತ್ತೆ, ಗ್ಯಾಸು ಕುಗ್ಗಿ, ಉಬ್ಬಿ, ಮತ್ತೆ ಕುಗ್ಗಿ ಮುಂದೆ ಹೋಗತ್ತೆ, ಆ ವಜ್ರದ ಸರದ ಥರ ಹೊಳೆಯೋ ಶಾಕ್ ಡೈಮಂಡ್‌ಗಳು ಹುಟ್ಟೋದು ಹಾಗೆ. ರಾಕೆಟ್ ಮೇಲೆ ಹೋದ ಹಾಗೆ ಹೊರಗಿನ ಒತ್ತಡ ಬೀಳತ್ತೆ, 30 ಕಿಲೋಮೀಟರ್ ಎತ್ತರದಲ್ಲಿ ನೆಲದ ಒತ್ತಡದ ಸುಮಾರು 1 ಪರ್ಸೆಂಟ್ ಮಾತ್ರ ಉಳಿದಿರತ್ತೆ, ಹಿಸುಕೋರು ಯಾರೂ ಇಲ್ಲದೆ ಪ್ಲೂಮ್ ಕೊಡೆ ಬಿಚ್ಚಿದ ಹಾಗೆ ಅಗಲ ಆಗತ್ತೆ. ಮನುಷ್ಯರನ್ನ ಚಂದ್ರನ ಕಡೆ ಒಯ್ದ ಸ್ಯಾಟರ್ನ್ 5 ರಾಕೆಟ್ಟಿನ ಹಳೇ ವಿಡಿಯೊಗಳಲ್ಲಿ ಮೇಲಕ್ಕೆ ಹೋದ ಮೇಲೆ ಬೆಂಕಿ ಹಿಂದಕ್ಕೆ ಹೋಗೋ ಬದಲು ರಾಕೆಟ್ ಮೈಮೇಲೇ ಹತ್ತಿ ಬರೋದು ಕಾಣತ್ತೆ, ಏನೋ ಕೆಟ್ಟೋಯ್ತು ಅನ್ಸತ್ತೆ, ಆದ್ರೆ ಅಗಲವಾದ ಪ್ಲೂಮ್ ಗಾಳಿಯ ಹರಿವಿಗೆ ಅಡ್ಡ ಬಂದಾಗ ಹಿಂಗೇ ಆಗೋದು.

ಅದೇ ವಿಡಿಯೊನ ಶುರುವಿನಿಂದ ನಿಧಾನಕ್ಕೆ ಓಡಿಸಿ ನೋಡಿ, ಇಂಜಿನ್ ಬಾಯಿ ಹತ್ರ. ಆ ರಾಕೆಟ್ಟಿನ ಎಫ್-1 ಇಂಜಿನ್ನಿನ ನಾಝಲ್ ತುದಿಯಿಂದ ನೇರ ಬೆಂಕಿ ಬರಲ್ಲ, ಮೊದಲು ಒಂದಿಷ್ಟು ದೂರ ಮಸಿ ಬಳಿದ ಹಾಗೆ ಕಪ್ಪು ಪಟ್ಟಿ, ಆಮೇಲೆ ಧಗ್ ಅಂತ ಬೆಳ್ಳಗೆ ಉರಿ. ಟರ್ಬೈನ್ ಓಡಿಸಿದ ಮೇಲೆ ಉಳಿಯೋ ಗ್ಯಾಸನ್ನ ಅವರು ನಾಝಲ್‌ನ ಕೆಳಭಾಗದ ಗೋಡೆಗುಂಟ ಬಿಡ್ತಿದ್ರು, ಗೋಡೆ ಸುಡದೇ ಇರಲಿ ಅಂತ. ಅದು ಹೋಲಿಸಿದ್ರೆ ತಣ್ಣಗಿನ ಗ್ಯಾಸು, ಅದರಲ್ಲಿ ಇಂಧನ ಜಾಸ್ತಿ, ಆಕ್ಸಿಜನ್ ಕಮ್ಮಿ, ಮಸಿ ತುಂಬ್ಕೊಂಡಿರತ್ತೆ. ಒಳಗಿನ ಬಿಸಿ ಗ್ಯಾಸನ್ನ ಈ ಕಪ್ಪು ಗ್ಯಾಸು ಪರದೆ ಹಾಕಿದ ಹಾಗೆ ಮುಚ್ಚತ್ತೆ, ಸ್ವಲ್ಪ ಕೆಳಗೆ ಹೋಗಿ ಗಾಳಿ ಜೊತೆ ಬೆರೆತಾಗ ಹೊತ್ತಿ ಉರಿಯತ್ತೆ. ಅಂದ್ರೆ ಕ್ಯಾಮೆರಾ ನೋಡಿ ಪ್ಲೂಮ್ ಅಳೆಯೋನು ಪ್ಲೂಮ್ ಶುರುವಾಗೋ ಜಾಗಾನೇ ತಪ್ಪು ಹೇಳ್ತಾನೆ. ಹೈಡ್ರೋಜನ್-ಆಕ್ಸಿಜನ್ ಇಂಜಿನ್ ಆದ್ರಂತೂ ಉಲ್ಟಾ ಸಮಸ್ಯೆ, ಬರೋದು ಮುಖ್ಯವಾಗಿ ನೀರಾವಿ, ಹಗಲಲ್ಲಿ ಕಣ್ಣಿಗೆ ಪ್ಲೂಮೇ ಇಲ್ಲವೇನೋ ಅನ್ಸತ್ತೆ, ಆದ್ರೆ ಪಕ್ಕ ಹೋದ್ರೆ ಬೂದಿ. ಘನ ಇಂಧನದ ಸಾಲಿಡ್ ಮೋಟಾರಿನಲ್ಲಿ ಅಲ್ಯೂಮಿನಿಯಂ ಉರಿದು ಅಲ್ಯೂಮಿನಾ ಕಣ ಆಗತ್ತೆ, ಸ್ಪೇಸ್ ಶಟಲ್‌ನ ಬೂಸ್ಟರ್‌ಗಳಲ್ಲಿ ಪ್ರೊಪೆಲಂಟ್‌ನ ತೂಕದಲ್ಲಿ 16 ಪರ್ಸೆಂಟ್ ಅಲ್ಯೂಮಿನಿಯಂ ಪುಡಿನೇ ಇತ್ತು, ಆ ಕಣಗಳು ಗ್ಯಾಸಿನಷ್ಟು ಬೇಗ ತಿರುಗಲ್ಲ, ತಣ್ಣಗೂ ಆಗಲ್ಲ, ಹೊಳೀತಾನೇ ಇರ್ತವೆ. ಮೂರು ಪ್ಲೂಮ್, ಮೂರು ಬೇರೆ ಅಂಚು.

ಇನ್ನು ನಿರ್ವಾತದಲ್ಲಿ ಅಂಚು ಅನ್ನೋ ಮಾತೇ ಇಲ್ಲ. 1967ರಲ್ಲಿ ಸರ್ವೇಯರ್ 3 ಅನ್ನೋ ಮನುಷ್ಯರಿಲ್ಲದ ನೌಕೆ ಚಂದ್ರನ ಮೇಲೆ ಇಳಿದಿತ್ತು, 1969ರ ನವೆಂಬರ್‌ನಲ್ಲಿ ಅಪೊಲೊ 12 ಅದರಿಂದ ಸುಮಾರು 160 ಮೀಟರ್ ದೂರದಲ್ಲಿ ಇಳೀತು. ಅದರ ಗಗನಯಾತ್ರಿಗಳು ಕಾನ್ರಾಡ್ ಮತ್ತು ಬೀನ್ ನಡ್ಕೊಂಡು ಹೋಗಿ ಸರ್ವೇಯರ್‌ನ ಕ್ಯಾಮೆರಾ ಬಿಚ್ಚಿ ವಾಪಸ್ ತಂದ್ರು. ಲ್ಯಾಬಲ್ಲಿ ನೋಡಿದ್ರೆ ಲ್ಯಾಂಡರ್ ಕಡೆ ಮುಖ ಮಾಡಿದ್ದ ಭಾಗ ಮರಳು ಎರಚಿ ಉಜ್ಜಿದ ಹಾಗೆ ಆಗಿತ್ತು, ಯಾವುದೋ ತಂತಿನೋ ಬೋಲ್ಟೋ ಅಡ್ಡ ಇದ್ದ ಕಡೆ ಮಾತ್ರ ಅದರ ನೆರಳಿನ ಆಕಾರದಲ್ಲಿ ಹಾಗೇ ಉಳಿದಿತ್ತು. ಅಷ್ಟು ದೂರದಲ್ಲಿ ಪ್ಲೂಮ್‌ನ ಒತ್ತಡ ಲೆಕ್ಕಕ್ಕೇ ಬರಲ್ಲ, ಆದ್ರೆ ಅದು ಎಬ್ಬಿಸಿದ ಧೂಳು ಹೋಯ್ತು. ಪ್ಲೂಮ್ ಎಲ್ಲಿ ತನಕ ಅನ್ನೋದಕ್ಕೆ ಉತ್ತರ ಯಾರು ಕೇಳ್ತಿದಾರೆ ಅನ್ನೋದರ ಮೇಲೆ ನಿಂತಿದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಊರಿಗೆ ಬರೋಣ.

ನಗರದ ಅಂಚಲ್ಲಿರೋ ಒಂದೇ ಒಂದು ಪಿಕ್ಸೆಲ್ ತಗೊಳ್ಳಿ, ಲ್ಯಾಂಡ್‌ಸ್ಯಾಟ್ ಅನ್ನೋ ಅಮೆರಿಕದ ಸ್ಯಾಟಲೈಟ್ ಸರಣಿದು, 30 ಮೀಟರ್ ಅಗಲ 30 ಮೀಟರ್ ಉದ್ದ, ಅಂದ್ರೆ 900 ಚದರ ಮೀಟರ್ ನೆಲ. ಅದರ ಜಾತಕ ಬರೀರಿ. ಮೊದಲು ಬೆಳೆ ಇರತ್ತೆ, ಹಸಿರು, ಹಸಿರು ಎಷ್ಟಿದೆ ಅಂತ ಅಳೆಯೋ ಎನ್‌ಡಿವಿಐ ಅನ್ನೋ ಸೂಚಿ 0.6 ಹತ್ತಿರ ಇರತ್ತೆ, ಕೊಯ್ಲು ಆದ ಮೇಲೆ 0.2ಕ್ಕಿಂತ ಕೆಳಗೆ ಬೀಳತ್ತೆ, ಮುಂದಿನ ಬೆಳೆಗೆ ಮತ್ತೆ ಏರತ್ತೆ, ವರ್ಷಕ್ಕೊಂದೋ ಎರಡೋ ಸಲ ಉಸಿರಾಡಿದ ಹಾಗೆ. ಆಮೇಲೆ ಒಂದು ವರ್ಷ ಏರೋದೇ ಇಲ್ಲ. ಭೂಮಿ ಮಾರಾಟ ಆಗಿದೆ, ಬೀಳು ಬಿಟ್ಟಿದಾರೆ, ಕಟ್ಟಡ ಇನ್ನೂ ಇಲ್ಲ. ಇನ್ನೊಂದು ವರ್ಷಕ್ಕೆ ಜೆಸಿಬಿ ಬಂದು ಮಣ್ಣು ಸಮ ಮಾಡಿ ರೋಡು ಎಳೀತಾರೆ, ಪಿಕ್ಸೆಲ್ ಹೊಳೆಯಕ್ಕೆ ಶುರು ಆಗತ್ತೆ. ಮನೆ ಏಳೋದು ಮೂರು ವರ್ಷ ಬಿಟ್ಟೋ ಹತ್ತು ವರ್ಷ ಬಿಟ್ಟೋ. ಮನೆ ಆದ ಮೇಲೆ ಗಿಡ ನೆಡ್ತಾರೆ, ಹದಿನೈದು ವರ್ಷಕ್ಕೆ ಮರದ ನೆತ್ತಿ ಸೂರನ್ನ ಮುಚ್ಚತ್ತೆ, ಎನ್‌ಡಿವಿಐ ನಿಧಾನಕ್ಕೆ ಮತ್ತೆ ಮೇಲೆ ಬರತ್ತೆ, ಸ್ಯಾಟಲೈಟಿಗೆ ಈಗ ಅದು ತೋಪು. ಹೇಳಿ, ಈ ಪಿಕ್ಸೆಲ್ ಯಾವ ವರ್ಷ ನಗರ ಆಯ್ತು? ಬೆಳೆ ನಿಂತ ವರ್ಷಾನಾ, ಮಣ್ಣು ಅಗೆದ ವರ್ಷಾನಾ, ಸೂರು ಬಿದ್ದ ವರ್ಷಾನಾ? ಎಫ್-1ರ ಕಪ್ಪು ಪಟ್ಟಿ ನೆನಪಾಯ್ತಾ, ಕಣ್ಣಿಗೆ ಕಾಣೋ ಶುರುವೇ ಬೇರೆ, ನಿಜವಾದ ಶುರುವೇ ಬೇರೆ.

ಎಲ್ಲರೂ ಮೊದಲು ಕೈ ಹಾಕೋದು ಕಟ್ಟಡ ಹುಡುಕೋ ಸೂಚಿ ಎನ್‌ಡಿಬಿಐಗೆ. 2003ರಲ್ಲಿ ಬಂದ ಸೂತ್ರ, ಶಾರ್ಟ್‌ವೇವ್ ಇನ್ಫ್ರಾರೆಡ್‌ನಿಂದ ನಿಯರ್ ಇನ್ಫ್ರಾರೆಡ್ ಕಳೀರಿ, ಎರಡರ ಮೊತ್ತದಿಂದ ಭಾಗಿಸಿ, ಸೊನ್ನೆಗಿಂತ ಮೇಲಿದ್ರೆ ಕಟ್ಟಡ ಅನ್ನಿ. ಸುಲಭ, ಎರಡು ನಿಮಿಷದ ಕೆಲಸ, ಅದಕ್ಕೇ ಅಪಾಯ. ಒಣಗಿದ ಬರೀ ಮಣ್ಣೂ ಇದೇ ಸಿಗ್ನಲ್ ಕೊಡತ್ತೆ, ಅಕ್ಷರಶಃ ಕಣ್ಣಿಗೆ ಮಣ್ಣೆರಚತ್ತೆ. ನಾನು ಮಾಡಿದ ಮೊದಲನೇ ಮ್ಯಾಪ್‌ನಲ್ಲಿ ಹಳೇ ಚಿತ್ರ ಮಳೆಗಾಲ ಮುಗಿದ ತಕ್ಷಣದ್ದು, ಹೊಸ ಚಿತ್ರ ಬಿರುಬೇಸಿಗೆದು, ನಗರ ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು ಆಗಿದೆ ಅಂತ ಬಂತು, ನಾನೂ ಖುಷಿಯಾಗಿ ಕಳಿಸ್ಬಿಟ್ಟೆ. ಆಮೇಲೆ ಒಬ್ಬರು ಹಿರಿಯರು ಮ್ಯಾಪ್ ನೋಡಿ ಒಂದೇ ಮಾತು ಕೇಳಿದ್ರು, "ಈ ಬಿಲ್ಡಿಂಗ್‌ಗಳನ್ನ ಮಳೆ ಬಂದ ಮೇಲೆ ಉಳ್ತಾರಾ?" ಅಂತ. ಅರ್ಧಕ್ಕರ್ಧ ಉತ್ತು ಬಿಟ್ಟ ಹೊಲ ಆಗಿತ್ತು. ಅವತ್ತಿಂದ ಒಂದೇ ಋತುವಿನ ಚಿತ್ರ, ಸಾಧ್ಯವಾದ್ರೆ ಇಡೀ ವರ್ಷದ ಚಿತ್ರಗಳು, ಇಲ್ಲಾಂದ್ರೆ ನಾನು ಹೋಲಿಕೆನೇ ಮಾಡಲ್ಲ.

ಮರುಭೂಮಿ ನಗರಕ್ಕೆ ಹೋದ್ರೆ ಚಿಹ್ನೆನೇ ತಿರುಗ್ತದೆ. ಲಾಸ್ ವೇಗಸ್‌ನ 1972ರಿಂದ ಇಲ್ಲಿ ತನಕದ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನ ಸಾಲಾಗಿ ಇಟ್ಟು ನೋಡಿ, ಅಲ್ಲಿ ಊರು ಬೆಳೆದ ಕಡೆ ಹಸಿರು ಜಾಸ್ತಿ ಆಗತ್ತೆ, ಗಾಲ್ಫ್ ಮೈದಾನ, ಹುಲ್ಲುಹಾಸು, ನೀರು ಹಾಯಿಸಿ ಬೆಳೆಸಿದ ಮರ. ಹಸಿರು ಹೋದ್ರೆ ನಗರ ಬಂತು ಅನ್ನೋ ನಿಯಮ ಅಲ್ಲಿ ತಲೆಕೆಳಗು.

ಇಲ್ಲಿ ನಿಮ್ಮ ಹಳೇ ಕಲಿಕೆ ನೇರವಾಗಿ ಕೆಲಸಕ್ಕೆ ಬರೋ ಜಾಗ ಬಂತು, ವಿಕಿರಣ. ಎರಡೂ ಕೆಲಸದಲ್ಲಿ ನಾವು ವಸ್ತುವನ್ನ ಮುಟ್ಟಲ್ಲ, ದೂರದಿಂದ ಬರೋ ಬೆಳಕನ್ನ ಲೆಕ್ಕ ಹಾಕ್ತೀವಿ, ನಡುವೆ ಗಾಳಿ ಕೂತ್ಕೊಂಡು ತನ್ನ ಪಾಲು ಕಿತ್ಕೊಳತ್ತೆ. ಪ್ಲೂಮ್‌ನ ಬಿಸಿ ಕಾರ್ಬನ್ ಡೈಆಕ್ಸೈಡ್ 4.3 ಮೈಕ್ರಾನ್ ಸುತ್ತ ಜೋರಾಗಿ ಹೊಳೆಯತ್ತೆ, ಆದ್ರೆ ನಡುವಿನ ತಣ್ಣನೆ ಗಾಳಿಯಲ್ಲಿರೋ ಅದೇ ಗ್ಯಾಸು ಸರಿಯಾಗಿ ಆ ನಡುಭಾಗವನ್ನೇ ಕುಡಿದುಬಿಡತ್ತೆ, ದೂರದಿಂದ ನೋಡೋರಿಗೆ ಎರಡು ಪಕ್ಕದ ಕೋಡು ಮಾತ್ರ ಉಳಿಯತ್ತೆ, ಬಿಸಿ ಗ್ಯಾಸಿನ ಬ್ಯಾಂಡು ತಣ್ಣಗಿನದಕ್ಕಿಂತ ಅಗಲ ಇರೋದ್ರಿಂದ. ಇದಕ್ಕೆ ನೀವು ಬಿಸಿ ಗ್ಯಾಸಿನ ಹೊಳಪಿನ ಹೈಟೆಂಪ್ ಡೇಟಾಬೇಸ್, ಗಾಳಿಯಲ್ಲಿ ಬೆಳಕು ಎಷ್ಟು ದಾಟತ್ತೆ ಅಂತ ಲೆಕ್ಕ ಹಾಕೋ ಮಾಡ್‌ಟ್ರಾನ್ ಅಂತೆಲ್ಲ ಬಳಸಿರ್ತೀರಿ. ಅದೇ ಮಾಡ್‌ಟ್ರಾನ್ ಸ್ಯಾಟಲೈಟ್ ಚಿತ್ರದಿಂದ ಗಾಳಿಯ ಮಬ್ಬು ತೆಗೆಯೋ ಸಾಫ್ಟ್‌ವೇರ್‌ಗಳ ಒಳಗೂ ಕೂತಿದೆ, ಹೊಸ ಆಫೀಸಲ್ಲಿ ಹಳೇ ಸ್ನೇಹಿತ ಸಿಕ್ಕ ಹಾಗೆ ಆಗತ್ತೆ ನಿಮಗೆ. ಎಷ್ಟು ಬಿಸಿಗೆ ಯಾವ ತರಂಗಾಂತರದಲ್ಲಿ ಎಷ್ಟು ಹೊಳಪು ಅಂತ ಹೇಳೋ ಪ್ಲಾಂಕ್ ಕರ್ವ್ ಅದೇ, ಅಂಕಿ ಬೇರೆ, 2000 ಕೆಲ್ವಿನ್ ಇರೋ ಮಸಿಯ ತುತ್ತತುದಿ ಸುಮಾರು 1.45 ಮೈಕ್ರಾನಲ್ಲಿ, 300 ಕೆಲ್ವಿನ್ ಇರೋ ಟಾರ್ ರೋಡಿನ ತುತ್ತತುದಿ 9.7ರ ಹತ್ತಿರ.

ಇನ್ನೂ ಒಂದು ಸೇತುವೆ ಇದೆ, ನನಗೆ ತುಂಬಾ ಇಷ್ಟವಾದದ್ದು. 1981ರಲ್ಲಿ ಜೆಫ್ ಡೋಝಿಯರ್ ಅನ್ನೋರು, ಒಂದು ಪಿಕ್ಸೆಲ್ ಒಳಗೆ ಪಿಕ್ಸೆಲ್‌ಗಿಂತ ಎಷ್ಟೋ ಚಿಕ್ಕದಾದ ಬೆಂಕಿ ಇದ್ರೆ ಎರಡು ಬೇರೆ ತರಂಗಾಂತರದಲ್ಲಿ ಅಳೆದು ಬೆಂಕಿಯ ಬಿಸಿ ಎಷ್ಟು, ಅದು ಪಿಕ್ಸೆಲ್‌ನ ಎಷ್ಟು ಪಾಲು ಅನ್ನೋ ಎರಡನ್ನೂ ಬಿಡಿಸಬಹುದು ಅಂತ ತೋರಿಸಿದ್ರು. ತೈಲ ಬಾವಿಗಳಲ್ಲಿ ಉರಿಯೋ ಗ್ಯಾಸ್ ಜ್ವಾಲೆಗಳನ್ನ ರಾತ್ರಿ ಹೊತ್ತು 750 ಮೀಟರ್ ಪಿಕ್ಸೆಲ್‌ನಲ್ಲೇ ಹುಡುಕಿ ಅದರ ಟೆಂಪರೇಚರ್ ಹೇಳೋದು ಇದೇ ಯೋಚನೆಯ ಮೊಮ್ಮಗು. ನಗರದಲ್ಲೂ ಇದನ್ನೇ ಮಾಡ್ತಾರೆ, ಬೆಂಕಿ ಬದಲು ಸೂರು. 1995ರಲ್ಲಿ ರಿಡ್ ಅನ್ನೋರು ಪ್ರತಿ ನಗರ ಪಿಕ್ಸೆಲನ್ನ ಗಿಡ, ನೀರಿಳಿಯದ ಮೇಲ್ಮೈ, ಮಣ್ಣು ಅಂತ ಮೂರು ಪಾಲಾಗಿ ನೋಡಿ ಅಂದ್ರು. ಒಂದು ಪಿಕ್ಸೆಲ್ ನಗರ ಹೌದೋ ಅಲ್ಲವೋ ಅನ್ನೋ ಬದಲು 40 ಪರ್ಸೆಂಟ್ ಕಾಂಕ್ರೀಟು, 35 ಪರ್ಸೆಂಟ್ ಗಿಡ, 25 ಪರ್ಸೆಂಟ್ ಮಣ್ಣು ಅಂತ. ಪ್ಲೂಮ್‌ನಲ್ಲಿ ಲೆಕ್ಕದ ಒಂದು ಸೆಲ್, ಅಂದ್ರೆ ಒಂದು ಚಿಕ್ಕ ಚೌಕದ ಒಳಗೆ ಎಷ್ಟು ಪಾಲು ಎಕ್ಸಾಸ್ಟು, ಎಷ್ಟು ಪಾಲು ಗಾಳಿ ಅಂತ ಮಿಕ್ಸ್ಚರ್ ಫ್ರಾಕ್ಷನ್ ಇಟ್ಕೊಂಡಿದ್ರಲ್ಲ, ಅದೇ ಬುದ್ಧಿ.

ಗ್ರಿಡ್ ಇಂಡಿಪೆಂಡೆನ್ಸ್ ಟೆಸ್ಟ್ ಇಲ್ಲಿ ಯಾರೂ ಮಾಡಲ್ಲ, ನನಗೆ ಈಗ್ಲೂ ಸಿಟ್ಟು ಬರೋ ವಿಷಯ ಇದು. ಸಿಎಫ್‌ಡಿಯಲ್ಲಿ, ಅಂದ್ರೆ ಹರಿವನ್ನ ಕಂಪ್ಯೂಟರಲ್ಲಿ ಲೆಕ್ಕ ಹಾಕೋದರಲ್ಲಿ, ಮೆಶ್ ಅನ್ನೋ ಆ ಚೌಕಗಳ ಜಾಲವನ್ನ ಎರಡು ಸಲ ಸಣ್ಣ ಮಾಡಿ ಉತ್ತರ ಬದಲಾಗಲ್ಲ ಅಂತ ತೋರಿಸದೇ ಇದ್ರೆ ಯಾರೂ ಪೇಪರ್ ತಗೊಳ್ಳಲ್ಲ. ನಗರದ ಮ್ಯಾಪ್‌ನಲ್ಲಿ 30 ಮೀಟರ್ ಅಂದ್ರೆ 30 ಮೀಟರ್, ಮುಗೀತು. ಯುರೋಪಿನ ಸೆಂಟಿನೆಲ್-2 ಸ್ಯಾಟಲೈಟಿನ 10 ಮೀಟರ್ ಪಿಕ್ಸೆಲ್ ಒಂಬತ್ತು ಸೇರಿದ್ರೆ ಒಂದು ಲ್ಯಾಂಡ್‌ಸ್ಯಾಟ್ ಪಿಕ್ಸೆಲ್ ಆಗತ್ತೆ. ಊರ ಹೊರಗೆ ಚದುರಿದ ಮನೆಗಳಿರೋ ಕಡೆ ಒಂಬತ್ತರಲ್ಲಿ ಮೂರು ಮಾತ್ರ ಕಟ್ಟಡ ಅಂದ್ಕೊಳ್ಳಿ, 10 ಮೀಟರ್ ಮ್ಯಾಪ್ 33 ಪರ್ಸೆಂಟ್ ಅನ್ನತ್ತೆ, ಅರ್ಧಕ್ಕಿಂತ ಜಾಸ್ತಿ ಇದ್ರೆ ಮಾತ್ರ ಕಟ್ಟಡ ಅನ್ನೋ ನಿಯಮದ 30 ಮೀಟರ್ ಮ್ಯಾಪ್ ಸೊನ್ನೆ ಅನ್ನತ್ತೆ. ಊರ ನಡುವೆ ಒಂಬತ್ತರಲ್ಲಿ ಏಳು ಕಟ್ಟಡ, 10 ಮೀಟರ್ 78 ಅನ್ನತ್ತೆ, 30 ಮೀಟರ್ ನೂರಕ್ಕೆ ನೂರು. ಅಂದ್ರೆ ದಪ್ಪ ಪಿಕ್ಸೆಲ್‌ನಲ್ಲಿ ಊರು ಒತ್ತಾಗಿ ಗಟ್ಟಿಯಾಗಿ ಕಾಣತ್ತೆ, ಚದುರಿದ ಅಂಚು ಮಾಯ. ಕಾಲ ಸೇರಿಸಿದ್ರೆ ಇನ್ನೂ ಮಜಾ, ಮೂರು ಇದ್ದಿದ್ದು ಐದಾದ್ರೆ ನಿಜವಾಗಿ ಬೆಳೆದಿದ್ದು ಆ ಪಿಕ್ಸೆಲ್‌ನ ನೆಲದ 22 ಪರ್ಸೆಂಟ್, ಮ್ಯಾಪ್ ಮಾತ್ರ ಸೊನ್ನೆಯಿಂದ ನೂರಕ್ಕೆ ಹಾರತ್ತೆ, ಆ ವರ್ಷ ಅಲ್ಲಿ ಏನೋ ಸ್ಫೋಟ ಆದ ಹಾಗೆ ಬೆಳವಣಿಗೆ ಅಂತ ವರದಿ ಬರೀತಾರೆ. ಸ್ಫೋಟ ಆಗಿದ್ದು ಆ ಅರ್ಧದ ಗೆರೆ, ಅಂದ್ರೆ ಥ್ರೆಶೋಲ್ಡ್.

ಅದಕ್ಕೆ ನನ್ನ ಸಲಹೆ, ನಿಮ್ಮ ಹಳೇ ಚಾಳಿ ಬಿಡಬೇಡಿ. 10 ಮೀಟರ್ ಚಿತ್ರವನ್ನ 20ಕ್ಕೆ, 30ಕ್ಕೆ, 60ಕ್ಕೆ ಒರಟು ಮಾಡಿ ಪ್ರತಿ ಸಲ ವಿಸ್ತೀರ್ಣ ತೆಗೀರಿ, ಗ್ರಾಫ್ ಹಾಕಿ. ಊರ ನಡುವಿನ ಗೆರೆ ಸ್ವಲ್ಪ ಏರಿ ಮಲಗತ್ತೆ, ಅಂಚಿನ ಗೆರೆ ಬಿದ್ದೋಗ್ತಾ ಇರತ್ತೆ. ಬೀಳೋ ಕಡೆ ನಿಮ್ಮ ನಂಬರ್ ನಂಬೋಕಾಗಲ್ಲ ಅಂತ ಅರ್ಥ, ಅಲ್ಲಿ ಪಾಲಿನ ಲೆಕ್ಕ ಬೇಕು. ಪ್ಲೂಮ್‌ನಲ್ಲಿ ಮ್ಯಾಕ್ ಡಿಸ್ಕ್, ಅಂದ್ರೆ ಹರಿವಿಗೆ ಅಡ್ಡ ನಿಲ್ಲೋ ತಟ್ಟೆಯಂಥ ಶಾಕ್, ಎಲ್ಲಿ ಕೂರತ್ತೆ ಅಂತ ನೋಡಿ ಮೆಶ್ ಪರೀಕ್ಷೆ ಮಾಡ್ತಿದ್ರಲ್ಲ, ಸಾದಾ ತೂತಿನ ಜೆಟ್‌ಗೆ ಒಳಗಿನ ಮತ್ತು ಹೊರಗಿನ ಒತ್ತಡದ ಅನುಪಾತದ ವರ್ಗಮೂಲಕ್ಕೆ 0.67 ಗುಣಿಸಿದ್ರೆ ಡಿಸ್ಕ್ ಎಷ್ಟು ವ್ಯಾಸ ದೂರ ಅಂತ ಬರತ್ತೆ, ಅನುಪಾತ 36 ಇದ್ರೆ ಸುಮಾರು 4 ವ್ಯಾಸ. ಊರಿಗೆ ಅಂಥ ಸೂತ್ರ ಇಲ್ಲ, ಆದ್ರೆ ಸುತ್ತಳತೆ ಸ್ಪಷ್ಟ ಇರೋ ದೊಡ್ಡ ಕಟ್ಟಡ ಇರತ್ತೆ, ಏರ್‌ಪೋರ್ಟ್ ರನ್‌ವೇ ಇರತ್ತೆ, ಉದ್ದ ಅಗಲ ಗೊತ್ತಿರೋದು, ಮೊದಲು ಅದನ್ನ ಅಳೆದು ನೋಡಿ.

ಇತಿಹಾಸದ ಡೇಟಾ ಬಗ್ಗೆ ಸ್ವಲ್ಪ ಹುಷಾರಾಗಿರಿ. ಲ್ಯಾಂಡ್‌ಸ್ಯಾಟ್ 1972ರಿಂದ ಇದೆ, 2008ರಿಂದ ಪುಕ್ಕಟೆ, ನೆಲದ್ದು ಅದಕ್ಕಿಂತ ಉದ್ದದ ಎಡೆಬಿಡದ ದಾಖಲೆ ಇನ್ನೊಂದಿಲ್ಲ ಅನ್ನೋದೆಲ್ಲ ನಿಜ. ಆದ್ರೆ ಮೊದಲ ದಶಕದ ಎಂಎಸ್‌ಎಸ್ ಸೆನ್ಸರ್ ಸುಮಾರು 80 ಮೀಟರ್‌ದು, ಅದರಲ್ಲಿ ಶಾರ್ಟ್‌ವೇವ್ ಇನ್ಫ್ರಾರೆಡ್ ಬ್ಯಾಂಡೇ ಇಲ್ಲ. ಹಾಗಾಗಿ 1975ರ ಚಿತ್ರಕ್ಕೆ ಎನ್‌ಡಿಬಿಐ ಹಾಕಿದೀವಿ ಅಂತ ಯಾರಾದ್ರೂ ತೋರಿಸಿದ್ರೆ ಆ ವರದಿ ಅಲ್ಲೇ ಮುಚ್ಚಿಡಿ. ನಮ್ಮ ದೇಶದ ಸ್ಯಾಟಲೈಟ್ ಐಆರ್‌ಎಸ್-1ಎ 1988ರಲ್ಲಿ ಹೋಯ್ತಲ್ಲ, ಅದರ ಲಿಸ್ ಕ್ಯಾಮೆರಾಗಳಿಗೂ ಆ ಬ್ಯಾಂಡ್ ಇರಲಿಲ್ಲ, 1995ರ ಕೊನೆಯಲ್ಲಿ ಹೋದ ಐಆರ್‌ಎಸ್-1ಸಿಯ ಲಿಸ್-3ರಲ್ಲಿ ಬಂತು. ಲ್ಯಾಂಡ್‌ಸ್ಯಾಟ್ 5 ಮೂರು ವರ್ಷ ಬಾಳಲಿ ಅಂತ 1984ರಲ್ಲಿ ಹಾರಿಸಿದ್ದು, 2013ರ ತನಕ ಎಳೀತು, ಪುಣ್ಯಾತ್ಮ. ಲ್ಯಾಂಡ್‌ಸ್ಯಾಟ್ 7ರದ್ದು ಬೇರೆ ಕತೆ, 2003ರ ಮೇ 31ರಂದು ಚಿತ್ರದ ಸಾಲುಗಳ ನಡುವೆ ಸಂದು ಬೀಳದ ಹಾಗೆ ನೋಡ್ಕೊಳ್ಳೋ ಅದರ ಸ್ಕ್ಯಾನ್ ಲೈನ್ ಕರೆಕ್ಟರ್ ಕೆಟ್ಟೋಯ್ತು, ಅಲ್ಲಿಂದ ಪ್ರತಿ ಚಿತ್ರದಲ್ಲಿ ಸುಮಾರು 22 ಪರ್ಸೆಂಟ್ ಖಾಲಿ ಪಟ್ಟಿ. ಆ ಪಟ್ಟಿಗಳನ್ನ ಬೇರೆ ದಿನದ ಚಿತ್ರದಿಂದ ತುಂಬಿಸಿದ ಮ್ಯಾಪಲ್ಲಿ ಬೆಳವಣಿಗೆ ಪಟ್ಟೆ ಪಟ್ಟೆಯಾಗಿ ಬಂದಿರೋದನ್ನ ನಾನೇ ನೋಡಿದೀನಿ, ಜೀಬ್ರಾ ಥರ ಬೆಳೆಯೋ ಊರು.

ರಾತ್ರಿ ಬೆಳಕಿನ ಡೇಟಾ ನೋಡಕ್ಕೆ ಚೆಂದ, ಅಳೆಯಕ್ಕೆ ಕಷ್ಟ. ಅಮೆರಿಕದ ಹಳೇ ಮಿಲಿಟರಿ ಹವಾಮಾನ ಸ್ಯಾಟಲೈಟ್ ಡಿಎಂಎಸ್‌ಪಿದು 1992ರಿಂದ ಡಿಜಿಟಲ್ ಆಗಿ ಸಿಗತ್ತೆ, ಅದರ ಹೊಳಪಿನ ಅಂಕಿ 63ಕ್ಕೆ ನಿಂತುಬಿಡತ್ತೆ, ಊರ ನಡುವೆಲ್ಲ 63, ಅಲ್ಲಿ ಬೆಳಕು ಎರಡರಷ್ಟಾದ್ರೂ 63ನೇ, ಸಾಲದ್ದಕ್ಕೆ ಬೆಳಕು ಪಕ್ಕದ ಕತ್ತಲ ಹೊಲಕ್ಕೂ ಸೋರಿ ಊರು ದೊಡ್ಡದಾಗಿ ಕಾಣತ್ತೆ. 2011ರಲ್ಲಿ ಹೋದ ಸುವೋಮಿ ಎನ್‌ಪಿಪಿ ಸ್ಯಾಟಲೈಟಿನ ವಿಐಐಆರ್‌ಎಸ್ ಸೆನ್ಸರ್ ಎಷ್ಟೋ ವಾಸಿ, ಆದ್ರೆ ಅದು ನೋಡೋದು 0.5ರಿಂದ 0.9 ಮೈಕ್ರಾನ್, ಬಿಳಿ ಎಲ್‌ಇಡಿಯ ನೀಲಿ ಮೊನೆ 0.45ರ ಹತ್ತಿರ ಬರತ್ತೆ, ಅಂದ್ರೆ ಸೆನ್ಸರ್ ಕಣ್ಣಿಂದ ಹೊರಗೆ. ಹಳದಿ ಸೋಡಿಯಂ ದೀಪ ಕಿತ್ತು ಎಲ್‌ಇಡಿ ಹಾಕಿದ ಊರು ನೆಲದಲ್ಲಿ ನಿಂತೋರಿಗೆ ಝಗಮಗ, ಸ್ಯಾಟಲೈಟ್‌ಗೆ ಮಂಕು. ಹೈಡ್ರೋಜನ್ ಪ್ಲೂಮ್ ಕಣ್ಣಿಗೆ ಕಾಣದ ಹಾಗೆ ಅಂದ್ಕೊಳ್ಳಿ. ರೇಡಾರ್‌ಗೂ ಅದರದ್ದೇ ಹುಚ್ಚು, ಗೋಡೆ ನೆಲ ಸೇರೋ ಮೂಲೆಯಿಂದ ಪ್ರತಿಧ್ವನಿ ಜೋರಾಗಿ ಬರತ್ತೆ, ಆದ್ರೆ ಬೀದಿಗಳು ರೇಡಾರ್ ನೋಡೋ ದಿಕ್ಕಿಗೆ ಓರೆಯಾಗಿದ್ರೆ ಅದೇ ಥರದ ಬಡಾವಣೆ ಸಪ್ಪೆಯಾಗಿ ಕಾಣತ್ತೆ.

ಹೋಲಿಕೆ ಎಲ್ಲಿ ಮುರಿಯತ್ತೆ ಅಂತಲೂ ಹೇಳ್ಬೇಕು, ಇಲ್ಲಾಂದ್ರೆ ನೀವು ಹೋಗಿ ಊರಿಗೆ ನೇವಿಯರ್-ಸ್ಟೋಕ್ಸ್ ಅನ್ನೋ ಹರಿವಿನ ಸಮೀಕರಣ ಬರೀತೀರಿ. ಪ್ಲೂಮ್‌ಗೆ ಕಾನೂನು ಇದೆ, ಒಳಗೆ ಹೋದ ದ್ರವ್ಯರಾಶಿ ಹೊರಗೆ ಬರಲೇಬೇಕು, ಬರದಿದ್ರೆ ನಿಮ್ಮ ಕೋಡು ತಪ್ಪು. ಗ್ಯಾಸು ತುಂಬಾ ತೆಳುವಾಗಿ, ಅಣುಗಳು ಡಿಕ್ಕಿ ಹೊಡೆಯೋದೇ ಅಪರೂಪ ಆಗಿ, ಅದನ್ನ ಹೇಳೋ ನುಡ್ಸನ್ ನಂಬರ್ ಏರಿದಾಗ ಆ ಸಮೀಕರಣ ಕೈ ಕೊಟ್ರೂ ಗ್ರೇಮ್ ಬರ್ಡ್ 1960ರ ದಶಕದಲ್ಲಿ ಕಟ್ಟಿದ ಡಿಎಸ್‌ಎಂಸಿ ಇದೆ, ಅಣುಗಳನ್ನೇ ಗುಂಪುಗುಂಪಾಗಿ ಓಡಿಸಿ ಡಿಕ್ಕಿ ಹೊಡೆಸೋದು. ಊರಿಗೆ ಅಂಥ ಕಾನೂನು ಯಾವುದೂ ಇಲ್ಲ. ಕೀತ್ ಕ್ಲಾರ್ಕ್ ಅವರ ಸ್ಲೂತ್ ಅನ್ನೋ ನಗರ ಬೆಳವಣಿಗೆಯ ಸೆಲ್ಯುಲಾರ್ ಆಟೊಮೇಟಾ ಮಾಡೆಲ್‌ನಲ್ಲಿ, ಅಂದ್ರೆ ಪ್ರತಿ ಚೌಕ ಪಕ್ಕದವನ್ನ ನೋಡಿ ಬದಲಾಗೋ ಮಾಡೆಲ್‌ನಲ್ಲಿ, ಡಿಫ್ಯೂಷನ್ ಅಂತ ಒಂದು ಗುಣಾಂಕ ಇದೆ, ಹೆಸರು ನೋಡಿ ಮೋಸ ಹೋಗಬೇಡಿ, ಅದು ಭೌತಶಾಸ್ತ್ರದ ಡಿಫ್ಯೂಷನ್ ಅಲ್ಲ, ಹಳೇ ಮ್ಯಾಪ್‌ಗಳಿಗೆ ಹೊಂದೋ ಹಾಗೆ ತಿರುಗಿಸಿದ ತಿರುಪು. ಹೊಸ ಹೆದ್ದಾರಿ ಬಂತು, ನಿಯಮ ಬದಲಾಯ್ತು ಅಂದ್ರೆ ಗುಣಾಂಕಗಳೆಲ್ಲ ಹಳೇ ಪಂಚಾಂಗ.

ಊರಲ್ಲಿ ಕಾನೂನಿಗೆ ಹತ್ತಿರ ಬರೋದು ಒಂದೇ, ಕಟ್ಟಿದ ಮೇಲೆ ಸಾಮಾನ್ಯವಾಗಿ ಮತ್ತೆ ಹೊಲ ಆಗಲ್ಲ. ಇದನ್ನ ಇಟ್ಕೊಂಡು ನಗರ, ಹೊಲ, ನಗರ ಅಂತ ಕುಣಿಯೋ ಪಿಕ್ಸೆಲ್‌ಗಳನ್ನ ಸರಿ ಮಾಡ್ತಾರೆ. ಒಳ್ಳೇದೇ, ಆದ್ರೆ ಒಮ್ಮೆ ನಗರ ಅಂದ್ರೆ ಯಾವತ್ತೂ ನಗರ ಅಂತ ಕುರುಡಾಗಿ ಹಾಕಿದ್ರೆ 1994ರಲ್ಲಿ ಒಂದು ದಿನ ಒಣಗಿದ್ದ ಹೊಲ 2024ರ ತನಕ ನಗರವಾಗೇ ಉಳಿಯತ್ತೆ, ತಪ್ಪುಗಳು ವರ್ಷ ವರ್ಷ ಕೂಡ್ತಾ ಹೋಗಿ ಬೆಳವಣಿಗೆ ಅಂತ ವೇಷ ಹಾಕ್ತವೆ.

ತಪ್ಪಿನ ಲೆಕ್ಕಕ್ಕೆ ಬರ್ತೀನಿ, ಇಡೀ ಉತ್ತರದಲ್ಲಿ ನೀವು ಒಂದೇ ಭಾಗ ಓದೋದಾದ್ರೆ ಇದನ್ನ ಓದಿ. 90 ಪರ್ಸೆಂಟ್ ಸರಿ ಇರೋ ಎರಡು ಮ್ಯಾಪ್ ತಗೊಂಡು ಒಂದರಿಂದ ಒಂದು ಕಳೆದ್ರೆ, ತಪ್ಪುಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಬಿದ್ದಿದ್ರೆ, ಎರಡೂ ಕಡೆ ಸರಿ ಇರೋ ನೆಲ 81 ಪರ್ಸೆಂಟ್. ನಿಜವಾಗಿ ಬದಲಾದ ನೆಲ 5 ಪರ್ಸೆಂಟ್ ಇದ್ರೆ ನೀವು ನೋಡ್ತಿರೋದರಲ್ಲಿ ಬಹುಪಾಲು ತಪ್ಪೇ. ಹಾಗಾಗಿ ಪಿಕ್ಸೆಲ್ ಎಣಿಸಿ ಗುಣಿಸಿ ಬರೆಯೋದಲ್ಲ, ಸ್ಯಾಂಪಲ್ ತೆಗೀಬೇಕು. ಕಲ್ಪನೆಯ ಲೆಕ್ಕ ಒಂದು ಮಾಡೋಣ. ಒಟ್ಟು 1000 ಚದರ ಕಿಲೋಮೀಟರ್ ಪ್ರದೇಶ, ಮ್ಯಾಪ್ ಪ್ರಕಾರ 50 ಹೊಸದಾಗಿ ನಗರ ಆಗಿದೆ, 950 ಬದಲಾಗಿಲ್ಲ. ಆ 50ರ ಒಳಗೆ ಕಣ್ಣುಮುಚ್ಚಿ 100 ಬಿಂದು ಎಸೀರಿ, ಪ್ರತಿಯೊಂದನ್ನೂ ಹೆಚ್ಚು ಸ್ಪಷ್ಟ ಚಿತ್ರದಲ್ಲಿ ಕಣ್ಣಾರೆ ನೋಡಿ, 70 ನಿಜ ಅಂದ್ಕೊಳ್ಳಿ. ಉಳಿದ 950ರಲ್ಲಿ 300 ಬಿಂದು ಎಸೀರಿ, 6 ಕಡೆ ಬದಲಾವಣೆ ಆಗಿತ್ತು, ಮ್ಯಾಪ್ ತಪ್ಪಿಸಿತ್ತು, ಬರೀ 2 ಪರ್ಸೆಂಟ್. ಈಗ 50ರಲ್ಲಿ 70 ಪರ್ಸೆಂಟ್ ಅಂದ್ರೆ 35, 950ರಲ್ಲಿ 2 ಪರ್ಸೆಂಟ್ ಅಂದ್ರೆ 19, ಒಟ್ಟು 54. ಮ್ಯಾಪ್ 50 ಅಂದಿತ್ತು, ಹತ್ರಾನೇ ಇದೆಯಲ್ಲ ಅಂತ ಖುಷಿಪಡಬೇಡಿ, ಹತ್ರ ಬಂದಿದ್ದು ಎರಡು ತಪ್ಪು ಒಂದನ್ನೊಂದು ಹೊಡೆದು ಹಾಕಿದ್ರಿಂದ. 95 ಪರ್ಸೆಂಟ್ ಭರವಸೆಯ ಅಂತರ ಲೆಕ್ಕ ಹಾಕಿದ್ರೆ ಹೆಚ್ಚುಕಮ್ಮಿ 16 ಬರತ್ತೆ, ಅಂದ್ರೆ ಉತ್ತರ 38ರಿಂದ 70ರೊಳಗೆ ಎಲ್ಲೋ ಇದೆ. ಆ ಅಂತರದ ಹೆಚ್ಚಿನ ಪಾಲು ಬರೋದು ಆ ಆರೇ ಆರು ಬಿಂದುಗಳಿಂದ, ದೊಡ್ಡ ಪ್ರದೇಶದಲ್ಲಿ ಸಣ್ಣ ತಪ್ಪು ಅಂದ್ರೆ ಅಷ್ಟು ಭಾರ. ಅಂತರ ಕಿರಿದು ಮಾಡಬೇಕಾದ್ರೆ 950ರ ಕಡೆ ಬಿಂದು ಜಾಸ್ತಿ ಮಾಡಿ, ಅದರಲ್ಲೂ ಊರ ಅಂಚಿನ ಪಟ್ಟಿಯನ್ನ ಬೇರೆ ಗುಂಪು ಮಾಡಿ ಅಲ್ಲಿ ಜಾಸ್ತಿ ಎಸೀರಿ.

ಇಷ್ಟಾದ ಮೇಲೆ ನಿಮ್ಮ ಮೂರು ನಂಬರ್. ಒಂದು ಬಹುಶಃ ಆಡಳಿತದ ಗಡಿ, ಅದರೊಳಗೆ ಕೆರೆ, ಕಾಡು, ಹೊಲ ಎಲ್ಲಾ ಇರತ್ತೆ. ಇನ್ನೊಂದು ಕಟ್ಟಡ ಬಿದ್ದ ನೆಲ ಮಾತ್ರ, ಯುರೋಪಿಯನ್ ಕಮಿಷನ್‌ನ ಜಿಎಚ್‌ಎಸ್‌ಎಲ್ ಮ್ಯಾಪ್ ಆಗಲಿ ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ ಮಾಡಿದ ವರ್ಲ್ಡ್ ಸೆಟಲ್‌ಮೆಂಟ್ ಫುಟ್‌ಪ್ರಿಂಟ್ ಆಗಲಿ ಈ ಜಾತಿ, ಅವೆರಡರ ನಡುವೇನೂ ನಿಯಮ ಬೇರೆ. ಮೂರನೇದು ಜನಸಾಂದ್ರತೆಯಿಂದ ಬಂದಿರಬಹುದು, ಡಿಗ್ರಿ ಆಫ್ ಅರ್ಬನೈಸೇಷನ್ ಅನ್ನೋ ಪದ್ಧತಿಯಲ್ಲಿ ಚದರ ಕಿಲೋಮೀಟರ್‌ಗೆ ಕನಿಷ್ಠ 1500 ಜನ ಇರೋ ಚೌಕಗಳು ಒಂದಕ್ಕೊಂದು ಅಂಟಿಕೊಂಡು ಒಟ್ಟು 50,000 ಜನ ದಾಟಿದ್ರೆ ಅದು ನಗರ ಕೇಂದ್ರ. ಮಳೆ ಬಂದ್ರೆ ನೀರು ಎಷ್ಟು ಹರಿದು ಹೋಗತ್ತೆ ಅಂತ ಕೇಳೋರಿಗೆ ಎರಡನೇದು, ಅದೂ ಪಾಲಿನ ಲೆಕ್ಕದಲ್ಲಿ. ಬಸ್ಸು, ಆಸ್ಪತ್ರೆ ಎಷ್ಟು ಬೇಕು ಅಂತ ಕೇಳೋರಿಗೆ ಮೂರನೇದು. ತೆರಿಗೆ ಯಾರು ಕಟ್ಟಬೇಕು ಅಂತ ಕೇಳೋರಿಗೆ ಮೊದಲನೇದು. ಯಾವುದೂ ಸುಳ್ಳಲ್ಲ, ಆದ್ರೆ 1990ಕ್ಕೆ ಒಂದು ಜಾತಿ, 2020ಕ್ಕೆ ಇನ್ನೊಂದು ಜಾತಿ ತಗೊಂಡು ಕಳೆದ್ರೆ ಅದು ಶುದ್ಧ ಸುಳ್ಳು, ಮತ್ತೆ ಹಂಗೆ ಮಾಡೋರು ಕಮ್ಮಿ ಏನಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವಾರ ಪಿಕ್ಸೆಲ್ ವಿಂಗಡಿಸೋ ಕ್ಲಾಸಿಫೈಯರ್‌ಗೆ ಕೈ ಹಾಕಬೇಡಿ. ಊರ ಅಂಚಲ್ಲಿ 50 ಪಿಕ್ಸೆಲ್ ಆರಿಸ್ಕೊಳ್ಳಿ, 1984ರಿಂದ ಇಲ್ಲಿ ತನಕ ಒಂದೊಂದರ ಜಾತಕ ಬರೀರಿ, ಮೇಲೆ ಹೇಳಿದ್ನಲ್ಲ ಹಾಗೆ, ಕೈಯಲ್ಲೇ, ನೋಟ್‌ಬುಕ್‌ನಲ್ಲಿ. ಐವತ್ತು ಮುಗಿಯೋ ಹೊತ್ತಿಗೆ ಆ ಊರು ಹೇಗೆ ಬೆಳೆಯತ್ತೆ, ಎಷ್ಟು ವರ್ಷ ಸೈಟುಗಳು ಖಾಲಿ ಬಿದ್ದಿರ್ತವೆ, ಮರ ಯಾವಾಗ ಸೂರು ಮುಚ್ಚತ್ತೆ ಎಲ್ಲಾ ಗೊತ್ತಾಗಿರತ್ತೆ, ಥ್ರೆಶೋಲ್ಡ್ ಎಲ್ಲಿಡಬೇಕು ಅನ್ನೋದು ತಾನೇ ಹೊಳೆಯತ್ತೆ. ಇಟ್ಟ ಮೇಲೆ ಅದನ್ನ ಫೈಲ್ ಹೆಸರಲ್ಲೇ ಬರೀರಿ, ಯಾವ ಸೆನ್ಸರ್, ಯಾವ ತಿಂಗಳು, ಎಷ್ಟು ಮೀಟರ್, ಎಷ್ಟು ಪಾಲಿಗೆ ನಗರ ಅಂದಿದೀರಿ ಅಂತ. ನನ್ನ ಫೈಲ್ ಹೆಸರುಗಳು ಎರಡು ಸಾಲು ಉದ್ದ ಇರ್ತವೆ, ಆಫೀಸಲ್ಲಿ ನಗ್ತಾರೆ, ನಗಲಿ ಬಿಡಿ.